ಎದುರು ಮನೆಯಲ್ಲೂ ಒಗ್ಗರಣೆ ಇರಲಿಲ್ಲ

ಅಪ್ಪನ ಮುಖದಲ್ಲಿ ಗುಳ್ಳೆಗಳು ಮೊದಲು ಕಂಡದ್ದು ಮೂಗಿನ ಎರಡು ಬದಿಗೆ. ಅವು ಯಾತರಿಂದ ಎದ್ದವೆಂದು ನನಗೆ ಗೊತ್ತಿತ್ತು. ಇದನ್ನು ಮೊದಲೇ ಬರೆಯಬೇಕು. ಮುಂದೆ ನಡೆದದ್ದನ್ನು ಕೇಳಿದವರು, ಪಾಪ, ಅವಳಿಗೂ ತಿಳಿದಿರಲಿಲ್ಲವೇನೋ ಎಂದು ನನ್ನ ಪರ ವಹಿಸುವುದುಂಟು. ಹಾಗೆ ವಹಿಸಿದಾಗ ನಾನು ಸುಮ್ಮನಿದ್ದದ್ದೂ ಉಂಟು.

ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಅಪ್ಪನ ಎಡ ಶ್ವಾಸಕೋಶದಲ್ಲಿ ಶುರುವಾದ ಕ್ಯಾನ್ಸರ್ ಇನ್ನೊಂದು ಬದಿಗೂ ಬೆನ್ನುಮೂಳೆಗೂ ಹೋಗಿತ್ತು. ಆಪರೇಷನ್ ಮಾಡುವ ಹಂತ ದಾಟಿತ್ತು. ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ, ದಿನಕ್ಕೊಂದು ಮಾತ್ರೆ ನುಂಗಿದರೆ ಹತೋಟಿಗೆ ಬರಬಹುದಾದ ಬಗೆಯದು ಎಂದು ಬಂತು. ಅದೊಂದು ಅದೃಷ್ಟ ಎಂದೇ ಅವರು ಹೇಳಿದರು. "ಈ ಮಾತ್ರೆಗೆ ಮುಖ, ಎದೆ ಮೇಲೆಲ್ಲ ಗುಳ್ಳೆ ಏಳತ್ತೆ. ಭೇದಿ ಆಗಬಹುದು, ಬಾಯಿ ಹುಣ್ಣಾಗಬಹುದು. ಜಾಸ್ತಿ ಆದರೆ ಫೋನ್ ಮಾಡಿ, ಅದಕ್ಕೆ ಬೇರೆ ಔಷಧಿ ಇದೆ. ನೀವಾಗೇ ಮಾತ್ರ ಇದನ್ನ ನಿಲ್ಲಿಸಬೇಡಿ." ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿದರು. ನಾನು ತಲೆಯಾಡಿಸಿದೆ.

ಅಪ್ಪ ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಕೂರಿಸಿದ್ದು ನಾನೇ. ನಾನು ಹೊರಗೆ ಬಂದಾಗ ಚಪ್ಪಲಿ ಹುಡುಕಿಕೊಳ್ಳುತ್ತ ಕೇಳಿದರು.

"ಏನಂತೆ ಮಗ?"

"ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ ಅಪ್ಪ. ಒಳಗೆ ಗಂಟಾಗಿದೆ. ಮಾತ್ರೆಗೆ ಕರಗತ್ತಂತೆ."

"ಆ ಕಾಯ್ಲೆ ಅಲ್ಲ ತಾನೆ?"

"ಅದೇ ಅಲ್ಲ. ಅದರ ಥರದ್ದು."

ಅವರು ಸ್ವಲ್ಪ ಯೋಚಿಸಿ, "ಥರದ್ದು ಅಂದ್ರೆ ವಾಸಿ," ಎಂದರು.

ನಮ್ಮ ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಬೀದಿಯಲ್ಲೂ ಅಷ್ಟೆ. ಹಿಂದೊಮ್ಮೆ ನಮ್ಮ ಸಾಲಿನಲ್ಲೇ ಒಬ್ಬರಿಗೆ ಬಂದಾಗ ಅವರ ಮನೆಯಲ್ಲಿ ಜನ ಕಾಫಿ ಕುಡಿಯುವುದನ್ನು ಬಿಟ್ಟರು. ಅಪ್ಪ ಜನ್ಮದಲ್ಲಿ ಬೀಡಿ ಸೇದಿದವರಲ್ಲ, ಆದರೂ ಕೇಳಿದವರೆಲ್ಲ ಮೊದಲು ಬೀಡಿಯ ವಿಷಯವನ್ನೇ ಎತ್ತುತ್ತಾರೆಂದು ನನಗೆ ಗೊತ್ತಿತ್ತು. ವಿಜಯನಗರದಲ್ಲಿ ನನ್ನ ಅತ್ತೆ, ಮಾವ ಇದ್ದರು. ಮನೆತನದಲ್ಲಿ ಆ ಕಾಯಿಲೆ ಇತ್ತೆಂದು ಅವರು ಒಂದು ಸಂಬಂಧವನ್ನು ಬೇಡವೆಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ನನಗೂ ಒಬ್ಬಳು ಮಗಳಿದ್ದಾಳೆ. ಹಾಗಾಗಿ ಎಲ್ಲರಿಗೂ ನಿಮೋನಿಯಾ ಎಂದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಒಬ್ಬರೇ ಇದ್ದ ಕುಂಬಾರಕೊಪ್ಪಲಿನ ಮನೆಗೆ ಬಂದು ಉಳಿದೆ. ಅಲ್ಲಿಂದಲೇ ನಾನು ಕೆಲಸ ಮಾಡುವ ಶಾಲೆಯ ಕಚೇರಿಗೆ ಹೋಗಿಬರತೊಡಗಿದೆ.

ಆ ಮನೆಯ ಮುಂಭಾಗದಲ್ಲೇ ಅಪ್ಪನ ಹಿಟ್ಟಿನ ಮಿಲ್ಲು. ನನ್ನ ಮದುವೆಗೆ ಮುಂಚೆಯಿಂದ ಇರುವುದು. ಈಗ ಪ್ಯಾಕೆಟ್ ಹಿಟ್ಟು ಕೊಳ್ಳುವವರೇ ಹೆಚ್ಚಾದರೂ ನಮ್ಮ ಬೀದಿಯ ಹೆಂಗಸರು ರಾಗಿಯನ್ನು ಮಾತ್ರ ಅಪ್ಪನ ಹತ್ತಿರವೇ ತರುತ್ತಿದ್ದರು. ಡಬ್ಬಿ ಇಟ್ಟು, ಮಾತಾಡಿಕೊಂಡು ನಿಂತು, ಬಿಸಿ ಹಿಟ್ಟು ತುಂಬಿಸಿಕೊಂಡು ಹೋಗುತ್ತಿದ್ದರು. ಅಪ್ಪ ದಿನಾ ಬೆಳಗ್ಗೆ ನುಣ್ಣಗೆ ಗಡ್ಡ ಹೆರೆದು ಮಿಲ್ಲಿನ ಬಾಗಿಲು ತೆಗೆಯುವವರು. ಗಡ್ಡ ಬಿಟ್ಟರೆ ಅದರಲ್ಲಿ ಹಿಟ್ಟು ಕೂತು ಮುದುಕನ ಹಾಗೆ ಕಾಣುತ್ತೇನೆ ಎನ್ನುತ್ತಿದ್ದರು. ಗುಳ್ಳೆ ಎದ್ದ ಮೇಲೆ ಬ್ಲೇಡು ತಾಕಿದ ಕಡೆಯೆಲ್ಲ ರಕ್ತ ಬರತೊಡಗಿತು. ಅದೇ ವಾರ ಭೇದಿಯೂ ಶುರುವಾಯಿತು. ನಾನು ಏಳುವಷ್ಟರಲ್ಲಿ ಅವರು ತಮ್ಮ ಪಂಚೆಯನ್ನು ತಾವೇ ನಲ್ಲಿಯ ಕೆಳಗೆ ಹಿಂಡಿ ಹಿತ್ತಲಲ್ಲಿ ಹರವಿರುತ್ತಿದ್ದರು. ನಾನು ನೋಡದವಳ ಹಾಗೆ ಕಾಫಿ ಕೊಡುತ್ತಿದ್ದೆ, ಅವರು ಏನೂ ಆಗದವರ ಹಾಗೆ ಕುಡಿಯುತ್ತಿದ್ದರು.

ಎದುರು ಮನೆಯ ಅಕ್ಕ ರಾಗಿ ಡಬ್ಬಿ ಹಿಡಿದು ಬಂದದ್ದು ಅಂಥ ಒಂದು ಬೆಳಗ್ಗೆ. ನನ್ನನ್ನು ಸೊಂಟದ ಮೇಲೆ ಹೊತ್ತು ಆಡಿಸಿದವರು ಅವರು, ಅಪ್ಪನಿಗೆ ಅಣ್ಣ ಎನ್ನುತ್ತಾರೆ. ಮಿಲ್ಲಿನ ಮೆಟ್ಟಿಲು ಹತ್ತಿದವರು ಅಪ್ಪನ ಮುಖ ನೋಡಿ ಅಲ್ಲೇ ನಿಂತರು. ಡಬ್ಬಿ ಕೆಳಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟು ಕೈ ಮುಗಿದರು.

"ಅಮ್ಮ ಎದ್ದವ್ಳೆ ಕಣವ್ವ," ಎಂದು ನನಗೆ ಮೆಲ್ಲಗೆ ಹೇಳಿದರು. "ಎದೆ ಮೇಲೂ ಅವ್ಳೆ ನೋಡು. ಇಂಗಿರುವಾಗ ಮಿಲ್ಲು ತೆಗೆದಿದ್ದೀರಲ್ಲ. ಕಾವು ಆಗಾಕಿಲ್ಲ ಅವ್ಳಿಗೆ."

ನಮ್ಮ ಕಡೆ ಮೈಮೇಲೆ ಇಂಥ ಗುಳ್ಳೆ ಎದ್ದರೆ ಅದನ್ನು ರೋಗ ಎನ್ನುವುದಿಲ್ಲ. ಮಾರಮ್ಮ ಆ ಮೈಗೆ ಬಂದು ಕೂತಿದ್ದಾಳೆ ಎನ್ನುತ್ತಾರೆ. ಬಂದವಳನ್ನು ತಂಪಾಗಿಟ್ಟು, ಅವಳಾಗಿ ಹೊರಟಾಗ ನೀರು ಹಾಕಿ ಕಳಿಸಬೇಕು. ನಾನು ಬಾಯಿ ತೆರೆದೆ. ಅಲ್ಲ ಅಕ್ಕ, ಇದು ಮಾತ್ರೆಯಿಂದ ಎಂದು ಹೇಳಲು ತೆರೆದದ್ದೇ. ಯಾವ ಮಾತ್ರೆ ಎಂದು ಅವರು ಕೇಳುತ್ತಾರೆ ಎಂಬುದು ಅಷ್ಟರಲ್ಲಿ ಹೊಳೆಯಿತು. ಬಾಯಿ ಮುಚ್ಚಿದೆ. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅದನ್ನು ಕಟ್ಟಿದವರೂ ಅಕ್ಕನೇ. ಮಿಲ್ಲಿನ ಬಾಗಿಲು ಮುಚ್ಚಿತ್ತು.

ಒಳಗೆ ಅಪ್ಪ ಚಾಪೆಯ ಮೇಲೆ ಕೂತು ನನಗಾಗಿ ಕಾಯುತ್ತಿದ್ದರು.

"ಅಮ್ಮ ಅಂತಾವ್ರೆ. ಹೌದಾ ಮಗ?"

ಅವರು ಕೇಳಿದ ರೀತಿ ನನಗೆ ಈಗಲೂ ಕಣ್ಣಮುಂದಿದೆ. ಗದ್ದವನ್ನು ತುಸು ಎತ್ತಿ, ಬಲ್ಬಿನ ಬೆಳಕು ಮುಖದ ಮೇಲೆ ಬೀಳುವಂತೆ ತಿರುಗಿಸಿ, ಚೆನ್ನಾಗಿ ನೋಡಿ ಹೇಳು ಎನ್ನುವವರ ಹಾಗೆ ಕೂತಿದ್ದರು. ನಾನು ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ.

"ಹೌದು ಅನ್ಸತ್ತೆ ಅಪ್ಪ," ಎಂದೆ.

ಅವರ ಮುಖ ಸಡಿಲವಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಮೊದಲ ಬಾರಿಗೆ ಗೋಡೆಗೆ ಒರಗಿ ಕೂತರು.

ಆ ಮೇಲಿನ ದಿನಗಳ ಬಗ್ಗೆ ಬರೆಯುವುದು ನನಗೆ ಎಲ್ಲಕ್ಕಿಂತ ಕಷ್ಟ. ಅವು ಸುಖದ ದಿನಗಳಾಗಿದ್ದವು. ಬೇವಿನ ಸೊಪ್ಪು ಕಟ್ಟಿದ ಮನೆಗೆ ಯಾರೂ ಬರುವುದಿಲ್ಲ. ನಿಮೋನಿಯಾ ಇನ್ನೂ ಯಾಕೆ ಹೋಗಿಲ್ಲ, ಇಷ್ಟು ಯಾಕೆ ಸೊರಗಿದ್ದಾರೆ, ಯಾವ ಡಾಕ್ಟರು ಎಂದು ಕೇಳುವವರಿರಲಿಲ್ಲ. ವಿಜಯನಗರದಿಂದ ನನ್ನ ಅತ್ತೆ ಬರುತ್ತೇನೆಂದು ಫೋನ್ ಮಾಡಿದಾಗ, ಅಮ್ಮ ಎದ್ದಿದೆ ಬೇಡ ಎಂದೆ. ಅವರು ಭಕ್ತಿಯಿಂದ ಫೋನಿಟ್ಟರು. ಒಂದು ಸುಳ್ಳಿನ ಹಿಂದೆ ಇಷ್ಟು ಮರ್ಯಾದೆ ಇರುತ್ತದೆಂದು ನನಗೆ ತಿಳಿದಿರಲಿಲ್ಲ. ಕ್ಯಾನ್ಸರ್ ಬಂದವನ ಮಗಳಾದರೆ ಜನ ಅಯ್ಯೋ ಎನ್ನುತ್ತಾರೆ. ಮಾರಮ್ಮ ಬಂದು ಕೂತ ಮನೆಯ ಮುಂದೆ ಹಾದು ಹೋಗುವವರು ದನಿ ತಗ್ಗಿಸುತ್ತಾರೆ.

ಮನೆಯಲ್ಲಿ ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಸೋಪಿಲ್ಲ. ಮೊಸರನ್ನ, ಎಳನೀರು, ಸಪ್ಪೆ ಬೇಳೆ. ಗಡ್ಡ ಹೆರೆಯುವಂತಿಲ್ಲವಾದ್ದರಿಂದ ಅಪ್ಪ ಕನ್ನಡಿಯ ಮುಂದೆ ನಿಲ್ಲುವ ಪ್ರಶ್ನೆ ಇರಲಿಲ್ಲ. ತುರಿಸಿದಾಗ ಬೇವಿನ ಎಸಳಿನಿಂದ ಮೆಲ್ಲಗೆ ಸವರಿಕೊಳ್ಳುತ್ತಿದ್ದರು. ದೇವರ ಗೂಡಿನಲ್ಲಿ ಅಕ್ಕ ಇರಿಸಿ ಹೋಗಿದ್ದ ಅರಿಶಿನ ನೀರಿನ ಚೊಂಬಿತ್ತು, ಪಕ್ಕದಲ್ಲಿ ಒಂದು ವೀಳ್ಯದೆಲೆ, ಅದರ ಮೇಲೆ ಅಪ್ಪ ದಿನವೂ ಹಿತ್ತಲಿನ ಕಣಗಿಲೆ ಹೂವು ಏರಿಸುತ್ತಿದ್ದರು. ಸಂಜೆ ನಾನು ಅಲ್ಲಿ ದೀಪ ಹಚ್ಚುತ್ತಿದ್ದೆ.

ಮೊದಲೆಲ್ಲ ಮಾತ್ರೆಯನ್ನು ಅವರ ಅಂಗೈಗೆ ಹಾಕಿ, ನುಂಗುವವರೆಗೂ ನಿಂತಿರುತ್ತಿದ್ದೆ. ಈಗ ಅಪ್ಪ, "ಸ್ನಾನ ಮಾಡ್ದೆ ಮುಟ್ಬೇಡ ಮಗ, ಅಲ್ಲೇ ಇಡು," ಎಂದು ಕಿಟಕಿಯ ಕಡೆ ತೋರಿಸುತ್ತಿದ್ದರು. ಒಂದು ಪುಟ್ಟ ಬಟ್ಟಲಲ್ಲಿ ಇಟ್ಟು ಬಸ್ಸಿಗೆ ಓಡುತ್ತಿದ್ದೆ. ಸಂಜೆ ಬಟ್ಟಲು ತೊಳೆದು ಬೋರಲು ಹಾಕಿರುತ್ತಿತ್ತು.

ಎದುರು ಮನೆಯ ಅಕ್ಕ ದಿನಕ್ಕೊಮ್ಮೆ ಬಂದು ಹೊಸಿಲಾಚೆಯಿಂದಲೇ ವಿಚಾರಿಸುತ್ತಿದ್ದರು. ಒಂದು ದಿನ ಅವರ ಹಿಂದೆ, ಬೀದಿಯ ಆ ಬದಿಯ ಜಗಲಿಯಿಂದ, ಬಸ್ ಡ್ರೈವರಾಗಿ ನಿವೃತ್ತರಾದ ಅವರ ಯಜಮಾನರ ದನಿ ಕೇಳಿಸಿತು.

"ಅಣ್ಣಂಗೆ ಯಾವಾಗ ವಾಸಿಯಾಯ್ತದೆ ಅಂತ ಕೇಳೇ. ದೇವ್ರು ಬಂದಿರೋದು ಅವ್ರ ಮನೆಗೆ, ಸಪ್ಪೆ ಸಾರು ಬಂದಿರೋದು ನಮ್ಮ ಮನೆಗೆ."

"ನಿನ್ ನಾಲ್ಗೆಗಿಷ್ಟು," ಎಂದು ಅಕ್ಕ ತಿರುಗಿಯೂ ನೋಡದೆ ಅಂದರು.

ಯಜಮಾನರ ಮಾತು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಿಮ್ಮನೇಲೂ ಒಗ್ಗರಣೆ ಹಾಕ್ತಿಲ್ವಾ ಅಕ್ಕ?"

"ಎಂಗಾಕದು? ಸಾಸ್ವೆ ಸಿಡಿಯೋ ವಾಸ್ನೆ ಗೋಡೆ ನೋಡ್ಕಂಡು ನಿಂತ್ಕತದ? ಎದುರಿಗೇ ಅವ್ಳೆ ಅವ್ಳು. ನಾನು ಹರಕೆ ಬೇರೆ ಮಾಡ್ಕಂಡಿವ್ನಿ. ಅಣ್ಣ ಎದ್ದು ಓಡಾಡಂಗಾದ್ರೆ ತಂಬಿಟ್ಟಿನ ಆರತಿ ಎತ್ತೀನಿ ಅಂತ."

ನಾನು ಏನು ಹೇಳಿದೆ ನೆನಪಿಲ್ಲ. ಥ್ಯಾಂಕ್ಸ್ ಎಂದಿರಬೇಕು. ಎಂದಿದ್ದರೆ ಅದಕ್ಕಿಂತ ಕೆಟ್ಟ ಮಾತು ಬೇರೊಂದಿಲ್ಲ.

ಅಪ್ಪ ಚೇತರಿಸಿಕೊಂಡರು. ಭೇದಿ ನಿಂತಿತು. ಬಾಯಿಯ ಹುಣ್ಣು ಆರಿತು. ಎರಡನೇ ಸಲ ಅನ್ನ ಬಡಿಸಿಕೊಂಡರು. ಗುಳ್ಳೆಗಳು ಒಣಗಿ ಕಂದು ಚುಕ್ಕೆಗಳಾಗತೊಡಗಿದವು. ಅಮ್ಮ ತಂಪಾಗುತ್ತಿದ್ದಾಳೆ ಎಂದು ಅಕ್ಕ ಹೇಳಿದರು. ಮೈ ಮಾತ್ರೆಗೆ ಒಗ್ಗಿಕೊಂಡಿದೆ ಎಂದು ನಾನು ಅಂದುಕೊಂಡೆ. ಆಸ್ಪತ್ರೆಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಅವರು ಏನಾದರೂ ಪ್ರಶ್ನೆ ಕೇಳುತ್ತಾರೆ, ಇರುವ ನೆಮ್ಮದಿ ಕೆಡುತ್ತದೆ ಎನಿಸಿತು. ಕೆಲವು ದಿನಗಳಾದ ಮೇಲೆ ಕೆಮ್ಮು ಮತ್ತೆ ಕೇಳಿಸಿತು, ಹಿತ್ತಲಿನಿಂದ ಒಳಗೆ ಬರುವಷ್ಟರಲ್ಲಿ ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದರು. ಮೊಸರು ಜಾಸ್ತಿಯಾಯಿತು ಎಂದು ನಾನು ಮೊಸರು ಕಡಿಮೆ ಮಾಡಿದೆ.

ಆ ಭಾನುವಾರ ಬನ್ನಿಮಂಟಪದಿಂದ ಸೋದರತ್ತೆ ಬಂದರು. ಅಪ್ಪನ ಅಕ್ಕ ಅವರು. ಬರಬೇಡಿ ಎಂದು ಅವರಿಗೂ ಹೇಳಿದ್ದೆ. ಕೇಳುವ ಪೈಕಿಯಲ್ಲ. ಆಟೋದಿಂದ ಇಳಿದು, ಬಾಗಿಲಿನ ಬೇವಿನ ಸೊಪ್ಪಿಗೆ ಕೈಮುಗಿದು, ಕಾಲು ತೊಳೆದು ನೇರ ಒಳಗೆ ಬಂದರು. ಅಪ್ಪನ ಮುಂದೆ ಕೂತು ಕನ್ನಡಕ ಸರಿಮಾಡಿಕೊಂಡು ಮುಖವನ್ನು ಬಹಳ ಹೊತ್ತು ನೋಡಿದರು.

"ಇದು ಅಮ್ಮ ಅಂತ ಯಾರಂದದ್ದು?"

"ಎದುರುಮನೆ ಅಕ್ಕ," ಎಂದೆ.

"ಅವ್ಳೇನು ಗುಡಿ ಪೂಜಾರಿನಾ?" ಎಂದವರೇ ತಮ್ಮನ ಎಡ ಹುಬ್ಬಿನ ಮೇಲಿದ್ದ ಸಣ್ಣ ಗುಳಿಯ ಮೇಲೆ ಬೆರಳಿಟ್ಟರು. "ಇದೇನು ಅಂದ್ಕೊಂಡಿದ್ದೆ ನೀನು?"

ಆ ಗುಳಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಮಿಲ್ಲಿನ ಬೆಲ್ಟು ಬಡಿದು ಆದದ್ದೆಂದು ಯಾವಾಗಲೋ ನಾನೇ ತೀರ್ಮಾನಿಸಿಕೊಂಡಿದ್ದೆ.

"ಚಿಕ್ಕವನಿದ್ದಾಗ ಅಮ್ಮ ಎದ್ದಾಗ ಕೆರ್ಕೊಂಡು ಆದದ್ದು ಇದು. ಕೈಗೆ ಬಟ್ಟೆ ಕಟ್ಟಿ ಪಕ್ಕದಲ್ಲಿ ಕೂತಿದ್ದೋಳು ನಾನು. ಒಂದ್ಸಲ ಬಂದು ಹೋದ ಮೈಗೆ ಅವ್ಳು ಇನ್ನೊಂದ್ಸಲ ಬರ್ತಾಳೇನು? ಲೋ ತಮ್ಮಯ್ಯ, ನಿಂಗಾದ್ರೂ ಗ್ಯಾಪ್ಕ ಇಲ್ವಾ?"

"ಇತ್ತು," ಎಂದರು ಅಪ್ಪ.

ನಾವಿಬ್ಬರೂ ಅವರನ್ನು ನೋಡಿದೆವು.

"ಇತ್ತು ಅಕ್ಕ. ನಂಗೂ ಅನುಮಾನ ಬಂತು. ಅದಕ್ಕೇ ಇವಳ್ನ ಕೇಳ್ದೆ. ಹೌದು ಅಂದ್ಲು. ಆಸ್ಪತ್ರೆಯೋರ ಜೊತೆ ಮಾತಾಡೋಳು ಇವ್ಳು, ಕೇಳಿಯೇ ಹೇಳಿರ್ತಾಳೆ ಅಂದ್ಕೊಂಡೆ."

ದೂರುವ ದನಿಯಾಗಿರಲಿಲ್ಲ. ಅದು ಹೇಗಾಯಿತೆಂದು ತಮ್ಮ ಅಕ್ಕನಿಗೆ ಲೆಕ್ಕ ಒಪ್ಪಿಸುವವರ ಹಾಗೆ, ಒಂದೊಂದೇ ಮಾತಿಗೆ ಉಸಿರು ತೆಗೆದುಕೊಂಡು ಹೇಳಿದರು. ಅತ್ತೆ ನನ್ನ ಕಡೆ ತಿರುಗಲಿಲ್ಲ. ಅವರಿಗೆ ಬೇರೇನೋ ಹೊಳೆದಿತ್ತು.

"ಮತ್ತೆ ಆಸ್ಪತ್ರೆ ಮಾತ್ರೆ?"

"ಅವ್ಳು ಮನೇಲಿರುವಾಗ ಮಾತ್ರೆ ನುಂಗೋಕಾಯ್ತದಾ? ಸಿಟ್ಟಾಗಲ್ವಾ?" ಅಪ್ಪ ದೇವರ ಗೂಡಿನ ಕಡೆ ಕೈ ತೋರಿಸಿದರು. "ಎಲ್ಲ ಅಲ್ಲೇ ಅವಳ ಮುಂದೆ ಇಟ್ಟಿದ್ದೀನಿ. ಒಂದೂ ಹಾಳು ಮಾಡಿಲ್ಲ."

ನಾನು ಎದ್ದು ಹೋಗಿ ಕಣಗಿಲೆ ಹೂವುಗಳನ್ನು ಎತ್ತಿದೆ. ವೀಳ್ಯದೆಲೆಯ ಮೇಲೆ ಮಾತ್ರೆಗಳು ಒಂದಕ್ಕೊಂದು ತಾಗದಂತೆ ಸಾಲಾಗಿದ್ದವು. ಅರಿಶಿನ ತಗುಲಿ ಅಂಚು ಹಳದಿಯಾಗಿತ್ತು. ಅವುಗಳಿಂದ ಒಂದು ಗೇಣು ದೂರದಲ್ಲಿ ನಾನು ದಿನವೂ ದೀಪ ಹಚ್ಚಿದ್ದೆ. ಅಪ್ಪ ನನ್ನಿಂದ ಏನನ್ನೂ ಬಚ್ಚಿಟ್ಟಿರಲಿಲ್ಲ. ಅಮ್ಮ ಎದ್ದ ಮನೆಯಲ್ಲಿ ಔಷಧಿ ಮುಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಹೌದು ಎಂದವಳು ಇದಕ್ಕೂ ಒಪ್ಪಿದ್ದಾಳೆ ಎಂದು ಅವರು ತಿಳಿದರು. ನಾನು ಬಟ್ಟಲಲ್ಲಿ ಇಡುತ್ತಿದ್ದುದು ಆಸ್ಪತ್ರೆಯವರ ಮಾತಿಗೆ, ಒಂದು ಶಾಸ್ತ್ರಕ್ಕೆ ಎಂದು ತಿಳಿದರು. ನಾನೇ ಹಾಕಿಕೊಟ್ಟ ನಿಯಮವನ್ನು ಅವರು ಸರಿಯಾಗಿ ಪಾಲಿಸಿದ್ದರು, ಅಷ್ಟೆ.

ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಅವರ ಮುಂದೆ ಕೂತೆ.

"ಅಪ್ಪ, ಇದು ಕ್ಯಾನ್ಸರ್. ಗುಳ್ಳೆ ಈ ಮಾತ್ರೆಯಿಂದ ಎದ್ದದ್ದು. ನನಗೆ ಮೊದಲೇ ಗೊತ್ತಿತ್ತು."

ಅವರು ಎಲೆಯನ್ನು ನೋಡಿದರು, ಆಮೇಲೆ ನನ್ನನ್ನು.

"ಥರದ್ದು ಅಂದಿದ್ದೆ."

"ಥರದ್ದಲ್ಲ ಅಪ್ಪ. ಅದೇ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪ್ಪ ಕೆಮ್ಮಿದರು, ಕೆಮ್ಮು ಮುಗಿಯುವವರೆಗೆ ಒಂದು ಕೈಯಿಂದ ನನ್ನ ಮೊಣಕಾಲು ಹಿಡಿದುಕೊಂಡಿದ್ದರು. ಹತ್ತಿರ ಸಿಕ್ಕಿದ್ದು ಅದೇ. ಸುಧಾರಿಸಿಕೊಂಡ ಮೇಲೆ ಕೈ ತೆಗೆದರು.

"ಆವತ್ತು ಒಳಗೆ ನನ್ನೂ ಕರ್ಕೊಂಡು ಹೋಗಿದ್ರೆ ಆಗ್ತಿತ್ತು," ಎಂದರು. ಬೈಗುಳ ಎನ್ನುವುದಾದರೆ ಅವರು ಬೈದದ್ದು ಅಷ್ಟೇ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ನಾನು ನಡೆದದ್ದನ್ನು ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಅದು ಬಂದಾಗ ಬಲ ಬದಿಯಲ್ಲಿ ಮೊದಲಿಗಿಂತ ಹೆಚ್ಚಾಗಿದೆ ಎಂದರು.

"ಮಾತ್ರೆ ಬಿಟ್ಟಿದ್ದಕ್ಕಾ ಮೇಡಂ?"

"ಹಾಗೆ ಖಚಿತವಾಗಿ ಹೇಳಕ್ಕಾಗಲ್ಲ. ಬಿಡದೆ ಇದ್ದರೂ ಆಗಿರಬಹುದಿತ್ತು."

ಇಲ್ಲ ಎನ್ನಲಿ ಎಂದೇ ನಾನು ಕೇಳಿದ್ದೆ. ಅವರು ಅನ್ನಲಿಲ್ಲ. ಮಾತ್ರೆಯ ಪ್ರಮಾಣ ಕಡಿಮೆ ಮಾಡಿ ಮತ್ತೆ ಶುರುಮಾಡೋಣ, ಗುಳ್ಳೆಗೆ ಹಚ್ಚಲು ಮುಲಾಮು, ಭೇದಿಗೆ ಬೇರೆ ಔಷಧಿ ಕೊಡುತ್ತೇನೆ, ಎಲೆಯ ಮೇಲಿದ್ದವನ್ನು ಬಳಸಬೇಡಿ ಎಂದರು. ಆಮೇಲೆ ಅಪ್ಪನಿಗೆ ಕೇಳುವುದೇನಾದರೂ ಇದೆಯೇ ಎಂದು ವಿಚಾರಿಸಿದರು.

"ಮಿಲ್ಲು ತೆಗೀಬೋದಾ?"

"ಧೂಳು ಬೇಡ. ದೂರ ಕೂತು ನೋಡ್ಕೊಳ್ಳಿ."

"ದೂರ ಕೂತು ನೋಡ್ಕೊಳ್ಳಕ್ಕೆ ಅದೇನು ಸಿನಿಮಾನಾ," ಎಂದರು ಅಪ್ಪ. ಡಾಕ್ಟರು ನಕ್ಕರು. ನನ್ನನ್ನು ಬಿಟ್ಟು ಅವರಿಬ್ಬರೇ ಮಾತಾಡಿದ್ದು ಹೀಗೆ ಸುಲಭವಾಗಿತ್ತು.

ಮನೆಗೆ ಬಂದಾಗ ಎದುರು ಮನೆಯ ಅಡಿಗೆಯ ವಾಸನೆ ಬೀದಿಯಲ್ಲಿ ಇರಲಿಲ್ಲ. ಬೇಯಿಸಿದ ಬೇಳೆಗೆ ವಾಸನೆಯೇ ಇರುವುದಿಲ್ಲ. ಬಾಗಿಲ ಬೇವಿನ ಸೊಪ್ಪು ಒಣಗಿ ಮುದುಡಿತ್ತು, ಅಕ್ಕ ಅದರ ಮೇಲೊಂದು ಹಸಿ ಗೊಂಚಲು ಸೇರಿಸಿದ್ದರು. ಅದನ್ನು ಬಿಚ್ಚಲು ಕೈ ಎತ್ತಿದೆ, ಇಳಿಸಿದೆ. ಕಟ್ಟಿದವರಿಗೆ ಹೇಳದೆ ಬಿಚ್ಚುವುದು ಇನ್ನೊಂದು ಸುಳ್ಳಾಗುತ್ತಿತ್ತು. ಇನ್ನೊಂದು ದಾರಿಯೂ ಇತ್ತು. ಅಮ್ಮ ತಂಪಾದಳು ಎಂದು ನೀರು ಹಾಕಿ, ಶಾಸ್ತ್ರ ಮುಗಿಸಿ ಸುಮ್ಮನಾಗಬಹುದಿತ್ತು. ಅದನ್ನು ನಾನು ಅಪ್ಪನಿಗೆ ಹೇಳಿಯೂ ನೋಡಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಬೀದಿ ದಾಟಿದೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ಯಜಮಾನರು ಪೇಪರು ಓದುತ್ತಿದ್ದರು. ನಿಂತುಕೊಂಡೇ ಹೇಳಿದೆ. ಆ ಹೆಸರನ್ನು ಹೇಳುವಾಗ ದನಿ ತಗ್ಗಿತು. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಯಜಮಾನರು ಪೇಪರು ಮಡಚಿ ಎದ್ದು ಒಳಗೆ ಹೋದರು.

ಅಕ್ಕ ಮೊರದ ಮೇಲೆ ಕೈಯಿಟ್ಟು ಕೂತೇ ಇದ್ದರು.

"ಕಾಯ್ಲೆ ಯಾರ ಮನೇಗ್ ಬರಕಿಲ್ಲ? ಅದ್ನ ಹೇಳಿದ್ರೆ ನಾನೇನು ನಿಮ್ಮನೆ ಮೆಟ್ಲು ಹತ್ತದು ಬುಟ್ಬುಡ್ತಿದ್ನಾ?"

ಬಿಡುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ.

"ಅಂಗಂದ್ಕಂಡಿದ್ದೀಯ," ಎಂದರು ನನ್ನ ಮುಖ ನೋಡಿ. "ನಾನು ತಲೆಗೆ ನೀರು ಹುಯ್ಕಂಡು ದಿನಾ ನಿಮ್ ಬಾಗ್ಲಿಗೆ ಕೈ ಮುಗೀತಿದ್ನಲ್ಲ. ನೀನು ಒಳಗೆ ನಿಂತ್ಕಂಡು ನೋಡ್ತಿದ್ಯಲ್ಲ. ಮಾರವ್ವನ್ನೂ ಸುಳ್ಳಿಗೆ ನಿಲ್ಲುಸ್ಬುಟ್ಯಲ್ಲವ್ವ."

"ತಪ್ಪಾಯ್ತು ಅಕ್ಕ."

"ನಂಗ್ಯಾಕ್ ಹೇಳ್ತೀಯ," ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಒಳಗಿನಿಂದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು ಕೇಳಿಸಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಇಂಗು. ಆ ಘಾಟು ಬೀದಿ ದಾಟಿ ನಮ್ಮ ಮನೆಯೊಳಗೂ ಬಂತು. ಅಪ್ಪ ಮಲಗಿದಲ್ಲೇ ಕೆಮ್ಮಿ, "ಹೇಳಿದ್ಯಾ?" ಎಂದರು.

ಅಕ್ಕ ಮತ್ತೆ ಬಂದದ್ದು ಬಹಳ ದಿನಗಳ ಮೇಲೆ. ಹೊಸ ಪ್ರಮಾಣದ ಮಾತ್ರೆಗೆ ಅಪ್ಪನ ಮುಖದಲ್ಲಿ ಮತ್ತೆ ಗುಳ್ಳೆ ಎದ್ದಿದ್ದವು. ಮೊದಲಿನಷ್ಟಲ್ಲ. ನಾನು ದಿನಾ ಮುಲಾಮು ಹಚ್ಚುತ್ತಿದ್ದೆ. ಉಗುರುಗಳ ಬದಿ ಊದಿಕೊಂಡು ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ, ನಾನೇ ಹಾಕುತ್ತಿದ್ದೆ. ಶನಿವಾರ ಮಧ್ಯಾಹ್ನ ಮಾತ್ರ ನಾನು ಮಿಲ್ಲಿನ ಬಾಗಿಲು ತೆಗೆದು ಕೆಲಸ ಮಾಡುತ್ತಿದ್ದೆ. ಅಪ್ಪ ಹೊರಗೆ ಜಗಲಿಯ ಮೇಲೆ, ಮೂಗು ಬಾಯಿಗೆ ಟವೆಲು ಸುತ್ತಿಕೊಂಡು, ಕಲ್ಲಿನ ಸದ್ದು ಕೇಳಿಯೇ ಬಿಗಿ ಮಾಡು, ಸಡಿಲ ಮಾಡು ಎಂದು ಹೇಳುತ್ತಿದ್ದರು.

ಅಕ್ಕನ ಕೈಯಲ್ಲಿ ನೆನೆಸಿ ನೆರಳಲ್ಲಿ ಆರಿಸಿದ ಅಕ್ಕಿ ಇತ್ತು. ತಂಬಿಟ್ಟಿಗೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

"ನುಣ್ಗಿರ್ಲಿ," ಎಂದು ಡಬ್ಬಿಯನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟರು.

"ಅಕ್ಕ, ಹರಕೆ..."

"ಹರಕೆ ಮಾಡ್ಕಂಡೋಳು ನಾನು. ಅಣ್ಣ ಎದ್ದು ಓಡಾಡ್ಲಿ ಅಂದಿದ್ದೆ. ಜಗಲಿಗಂಟ ಬಂದವ್ನೆ ತಾನೆ. ನಿನ್ನ ಮಾತು ಅದ್ರೊಳಗೆ ಎಲ್ಲಿ ಬಂತು?"

ಜಗಲಿಯಿಂದ ಅಪ್ಪ ಟವೆಲು ಸರಿಸಿ ನಕ್ಕರು. "ನಿನ್ ಯಜಮಾನ್ರಿಗೆ ಒಗ್ಗರಣೆ ಸಿಕ್ತಾ ತಾಯಿ?"

"ಸಿಕ್ತು ಸಿಕ್ತು. ಈಗ ಹೊಟ್ಟೆ ಉರಿ ಅಂತದೆ ಗೂಬೆ."

ನಾನು ಮಿಷನ್ನು ಚಾಲೂ ಮಾಡಿದೆ. ಅಕ್ಕಿ ಸುರಿದೆ. ಅಪ್ಪ ಬೆರಳು ಸನ್ನೆ ಮಾಡಿದಂತೆ ಕಲ್ಲು ಬಿಗಿ ಮಾಡಿದೆ. ಹಿಟ್ಟು ಬಿಸಿಯಾಗಿ ಬಟ್ಟೆಯ ಚೀಲದಿಂದ ಇಳಿಯತೊಡಗಿತು. ಅಷ್ಟರಲ್ಲಿ ಹಿಂದಿನ ಬೀದಿಯ ಹೆಂಗಸೊಬ್ಬರು ರಾಗಿ ಹೊತ್ತು ಬಂದರು. ಬಹಳ ದಿನದಿಂದ ಈ ಕಡೆ ಬಂದವರಲ್ಲ. ಅಪ್ಪನ ಮುಖ ನೋಡಿ ಹೆಜ್ಜೆ ತಡೆದರು. ನಾನು ಮಿಷನ್ನು ಆರಿಸಿದೆ. ಅಕ್ಕನೂ ತಿರುಗಿ ನೋಡಿದರು.

"ಇದೇನಣ್ಣ ಮುಖದಲ್ಲಿ? ಅಮ್ಮ ಎದ್ದಿದೆಯಾ?"

ನಾನು ಹೇಳಬೇಕಿತ್ತು. ಅದಕ್ಕೆಂದೇ ಮಿಷನ್ನು ಆರಿಸಿದ್ದೆ. ಬಾಯಿ ತೆರೆದೆ. ಮೊದಲ ದಿನ ಮುಚ್ಚಿದ್ದೆ, ಇವತ್ತು ಅದು ತೆರೆದೇ ಉಳಿಯಿತು.

"ಇಲ್ಲ ಕಣಮ್ಮ," ಎಂದರು ಅಪ್ಪ. "ಮಾತ್ರೆಗೆ ಎದ್ದಿರೋದು. ಶ್ವಾಸಕೋಶದ ಕ್ಯಾನ್ಸರು. ಅದರ ಮಾತ್ರೆ."

ಹೇಳಿ, ಸರಿಯಾಗಿ ಹೇಳಿದೆನೇ ಎಂದು ಕೇಳುವ ಹಾಗೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಆ ಹೆಂಗಸು ಡಬ್ಬಿಯನ್ನು ಕೆಳಗಿಡುತ್ತಾರೋ ಎತ್ತಿಕೊಂಡು ಹೋಗುತ್ತಾರೋ ಎಂದು ನೋಡುವ ಧೈರ್ಯವಾಗದೆ, ಅಕ್ಕನ ತಂಬಿಟ್ಟಿನ ಹಿಟ್ಟನ್ನು ಚೀಲದಿಂದ ಕೊಡವಿ ಇಳಿಸುತ್ತ ನಿಂತೆ.